ಕಡೇ ನಿಮಿಷದ ಉದ್ಘಾಟನೆ

ನಾನು ದಾವಣಗೆರೆಯಲ್ಲಿ ಬಿ.ಕಾಂ. ಓದುವಾಗ ನಮ್ಮ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ನಮ್ಮದು ಕೆಟ್ಟ ತಂಡವಲ್ಲ. ಕೆಟ್ಟದಾಗಿದ್ದರೆ ಯಾರೂ ನಮ್ಮ ತಂಟೆಗೆ ಬರುತ್ತಿರಲಿಲ್ಲ; ಸೋಲುವವರು ಸೋಲುತ್ತಾರೆ ಎಂದು ಸುಮ್ಮನಿರುತ್ತಿದ್ದರು. ನಾವು ಆಟದ ಮುಕ್ಕಾಲು ಪಾಲು ಮುಂದಿದ್ದು, ಕಡೆಗಳಿಗೆಯಲ್ಲಿ ಸೋಲುವವರು. ಅದೂ ಒಂದು ಪಾಯಿಂಟಿನಿಂದ. ವಿದ್ಯಾನಗರದ ಮಿರ್ಚಿ ಗಾಡಿಯ ಹತ್ತಿರ ಮಂಡಕ್ಕಿ ತಿನ್ನಲು ನಿಂತರೆ ಪಕ್ಕದ ಕಾಲೇಜಿನ ಹುಡುಗರು, "ಏನ್ರೀ, ಇವತ್ತೂ ಒಂದೇನಾ?" ಎಂದು ಕೇಳುವರು. ಗಾಡಿಯವನಿಗೂ ನಮ್ಮ ಸ್ಥಿತಿ ಗೊತ್ತಾಗಿ ಪ್ಲೇಟಿಗೆ ಒಂದು ಮಿರ್ಚಿ ಹೆಚ್ಚಿಗೆ ಇಡುತ್ತಿದ್ದ. ಅದು ಮರುಕವೋ ಗೇಲಿಯೋ ನನಗೆ ಇಂದಿಗೂ ತಿಳಿದಿಲ್ಲ.

ಕಡೇ ನಿಮಿಷ ಬಂತೆಂದರೆ ನಮಗೆ ಯಾರಿಗೂ ಚೆಂಡು ಬೇಡವಾಗುತ್ತಿತ್ತು. ಅಲ್ಲಿಯವರೆಗೆ "ನಂಗೆ ಕೊಡು, ನಂಗೆ ಕೊಡು" ಎಂದು ಕಿರುಚಾಡಿದವರು ಎದುರು ತಂಡದವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದೆವು. ಕಾರಣ ಸರಳ. ಸೋತಾಗ ಚೆಂಡು ಯಾರ ಕೈಯಲ್ಲಿತ್ತೋ ಅವಳಿಗೆ ಮುಂದಿನ ಪಂದ್ಯದವರೆಗೆ ಬೈಗುಳ. ಬೈಯುವುದರಲ್ಲಿ ನಮ್ಮ ತಂಡದ ಮನೋಬಲಕ್ಕೆ ಎಂದೂ ಕೊರತೆಯಾಗಲಿಲ್ಲ.

ಕ್ಯಾಪ್ಟನ್ ಕೊಕ್ಕನೂರಿನವಳು. ದಿನಾ ಹರಿಹರದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದಳು. ಎತ್ತರದ ಹುಡುಗಿ, ಉದ್ದನೆಯ ಕೈ, ಆ ಬದಿಯ ಗದ್ದೆಯಿಂದ ಈ ಬದಿಗೆ ಕೇಳುವಂಥ ಗಂಟಲು. ಸೋತ ದಿನ ಮಾತ್ರ ಆ ಗಂಟಲಿನಿಂದ ಒಂದು ಶಬ್ದವೂ ಬರುತ್ತಿರಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ. ತಂಡದ ಇನ್ನೊಬ್ಬಳು ಹಳೇಪೇಟೆಯ ಕಿರಾಣಿ ವ್ಯಾಪಾರಸ್ಥರ ಮನೆಯವಳು. ಪಂದ್ಯದ ದಿನ ಅವಳ ಅಜ್ಜಿ ಹಣೆಗೆ ಮೂರು ಬೆರಳಿನ ವಿಭೂತಿ ದಟ್ಟವಾಗಿ ಹಚ್ಚಿ ಕಳಿಸುತ್ತಿದ್ದರು. ಅರ್ಧ ಆಟಕ್ಕೆ ಅದು ಬೆವರಿನಲ್ಲಿ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಕೈಗೆ ಬಂದ ಚೆಂಡು ಬಿಟ್ಟಾಗಲೆಲ್ಲ ಅವಳು, "ಕಣ್ಣಾಗೆ ವಿಭೂತಿ ಹೋತು ಕಣೆ" ಎನ್ನುವಳು. ದೇವರ ಪ್ರಸಾದದ ಮೇಲೆ ತಪ್ಪು ಹೊರಿಸಿದ ಮೇಲೆ ಬೈಯುವುದಾದರೂ ಹೇಗೆ?

ನಮ್ಮ ಪಿ.ಇ. ಸರ್ ಮೂಲತಃ ವಾಲಿಬಾಲ್‌ನವರು, ಬಹಳ ಒಳ್ಳೆಯ ಮನುಷ್ಯ. ಆಟ ಬಿಗಿಯಾದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗಾಗಿ ಕಡೇ ನಿಮಿಷಗಳಲ್ಲಿ ಎದ್ದು ಕಟ್ಟಡದ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಸೀಟಿ ಕೇಳಿದ ಮೇಲೆ ಗೋಡೆಯ ಮೂಲೆಯಿಂದ ತಲೆ ಹೊರಹಾಕಿ, "ಏನಾತವ್ವ?" ಎಂದು ಕೇಳುವರು. ನಮ್ಮ ಮುಖ ನೋಡಿ ತಲೆಯನ್ನು ಮತ್ತೆ ಒಳಗೆಳೆದುಕೊಳ್ಳುವರು.

ನಮ್ಮ ಅಂಗಳದ ಒಂದು ರಿಂಗು ವಾಲಿತ್ತು. ಎರಡಕ್ಕೂ ಬಲೆ ಇರಲಿಲ್ಲ. ಚೆಂಡು ಸವೆದು ನುಣ್ಣಗಾಗಿ, ಬೆವರಿದ ಕೈಯಲ್ಲಿ ಸೋಪಿನಂತೆ ಜಾರುತ್ತಿತ್ತು. ಹೊಸ ಚೆಂಡು ಕೇಳಲು ನಾವು ಪ್ರಾಂಶುಪಾಲರ ಕೋಣೆಗೆ ಹೋದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೇಳಿದರು:

"ನಿಮಗೆ ಬೇಕಾಗಿರೋದು ಬಾಲ್ ಅಲ್ಲಮ್ಮ. ಬಲ. ಮನೋಬಲ."

ಈ ಮಾತು ಅವರಿಗೇ ಎಷ್ಟು ಹಿಡಿಸಿತೆಂದರೆ, ಆ ವಾರವೇ ಸೆಮಿನಾರ್ ಹಾಲಿನಲ್ಲಿ ಅದೇ ಹೆಸರಿನ ಕಾರ್ಯಾಗಾರ ಏರ್ಪಾಡಾಯಿತು. ಕೋಟು ತೊಟ್ಟು, ಕಿವಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ತರಬೇತುದಾರರು ಬಂದರು. ಅವರು ಬ್ಯಾಂಕಿನವರಿಗೆ, ಪೊಲೀಸರಿಗೆ, ಹೊಸದಾಗಿ ಮದುವೆಯಾದವರಿಗೆ ಎಲ್ಲರಿಗೂ ಮನೋಬಲ ತುಂಬಿದವರಂತೆ. ಬ್ಯಾಸ್ಕೆಟ್‌ಬಾಲ್ ಗೊತ್ತಿದೆಯೇ ಎಂದು ಕ್ಯಾಪ್ಟನ್ ಕೇಳಿದಳು.

"ಆಟ ಗೊತ್ತಿರಬೇಕಾಗಿಲ್ಲ. ಮನಸ್ಸು ಗೊತ್ತಿದ್ದರೆ ಸಾಕು," ಎಂದರು.

ಕಣ್ಣು ಮುಚ್ಚಿಸಿ, ರಿಂಗನ್ನು ಹುಣ್ಣಿಮೆಯ ಚಂದ್ರ ಎಂದುಕೊಳ್ಳಿ ಎಂದರು. ಅಂದುಕೊಂಡೆವು. ವಾಲಿದ ರಿಂಗನ್ನೂ ಚಂದ್ರ ಎಂದುಕೊಳ್ಳಬಹುದು, ಕಷ್ಟವೇನಿಲ್ಲ. ಆಮೇಲೆ, ದಿನಾ ಬೆಳಿಗ್ಗೆ ಅಂಗಳದಲ್ಲಿ ಸಾಲಾಗಿ ನಿಂತು, ಎದೆಯ ಮೇಲೆ ಕೈಯಿಟ್ಟು, "ನಾನು ಬಂಡೆ! ನಾನು ಬಂಡೆ!" ಎಂದು ಕೂಗಬೇಕೆಂದು ವಿಧಿಸಿದರು. ನಮ್ಮ ಅಂಗಳಕ್ಕೆ ಎದುರಾಗಿ ಹುಡುಗರ ಹಾಸ್ಟೆಲ್. ಮೊದಲ ದಿನವೇ ಮಹಡಿಯಿಂದ ಉತ್ತರ ಬಂತು: "ನಾನು ಜಲ್ಲಿ!" ಮರುದಿನ "ನಾನು ಸಿಮೆಂಟು!" ವಾರ ಕಳೆಯುವುದರೊಳಗೆ ಒಂದು ಮನೆ ಕಟ್ಟುವಷ್ಟು ಸಾಮಾನು ಆ ಮಹಡಿಯಿಂದ ಇಳಿದಿತ್ತು.

ತರಬೇತಿಯ ನಂತರದ ಮೊದಲ ಪಂದ್ಯ ಆನೆಕೊಂಡದ ಕಡೆಯ ಒಂದು ಮೈದಾನದಲ್ಲಿ. ಎರಡು ಪಾಯಿಂಟಿನಿಂದ ಸೋತೆವು. ತರಬೇತುದಾರರು ಎದೆಗುಂದಲಿಲ್ಲ. "ನೋಡಿ, ಯಾವಾಗಲೂ ಒಂದರಿಂದ ಸೋಲ್ತಿದ್ರು. ಈಗ ಎರಡು. ಬದಲಾವಣೆ ಶುರುವಾಗಿದೆ," ಎಂದು ಪ್ರಾಂಶುಪಾಲರಿಗೆ ಹೇಳಿದರು. ಪ್ರಾಂಶುಪಾಲರು ತಲೆದೂಗಿದರು. ನಾವು ಬಸ್ಸಿನಲ್ಲಿ ಎಂದಿನಂತೆ ಒಬ್ಬರನ್ನೊಬ್ಬರು ಬೈದುಕೊಂಡು ಬಂದೆವು. ಅಂದು ಚೆಂಡು ನನ್ನ ಕೈಯಲ್ಲಿತ್ತು.

ಆದರೂ ಹೇಗೋ, ಎದುರಾಳಿಗಳು ನಮಗಿಂತ ಹೆಚ್ಚು ಹೆದರಿದ್ದರಿಂದಲೋ ಏನೋ, ಆ ವರ್ಷ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಾವು ಫೈನಲ್ ಮುಟ್ಟಿದೆವು. ಫೈನಲ್ ಹರಿಹರದಲ್ಲಿ, ಎದುರಾಳಿ ಅಲ್ಲಿಯದೇ ಕಾಲೇಜಿನ ತಂಡ. ಬಯಲಿನಲ್ಲಿ ಸಿಮೆಂಟ್ ಅಂಗಳ. ಪಕ್ಕದಲ್ಲಿ ಶಾಮಿಯಾನ, ವೇದಿಕೆ, ಎತ್ತರದ ದೀಪದ ಕಂಬ. ಪಂದ್ಯಾವಳಿಯ ಉದ್ಘಾಟನೆ, ಮುಖ್ಯ ಅತಿಥಿಗಳಿಗೆ ಬಿಡುವಿಲ್ಲದೆ ಮುಂದೂಡುತ್ತ ಬಂದು, ಅಂದು ಬೆಳಿಗ್ಗೆ ಆಗಬೇಕಿತ್ತು. ಅವರು ಊರಿನ ದೊಡ್ಡ ಮನುಷ್ಯರು, ಅಂದೂ ಬಂದಿರಲಿಲ್ಲ. ಕಾದು ಕಾದು, ಬಿಸಿಲು ಏರಿದ ಮೇಲೆ ಸಂಘಟಕರು ಆಟ ಶುರುಮಾಡಿಸಿದರು.

ಎಂದಿನಂತೆ ಮುಂದಿದ್ದೆವು. ಎಂದಿನಂತೆ ಕಡೆಗೆ ಹಿಂದೆ ಬಿದ್ದೆವು. ಒಂದು ಪಾಯಿಂಟು. ಪಿ.ಇ. ಸರ್ ನೀರಿನ ಟ್ಯಾಂಕಿನ ಹಿಂದಕ್ಕೆ ನಡೆದದ್ದು ಕಣ್ಣಂಚಿನಲ್ಲಿ ಕಾಣಿಸಿತು. ಕೆಲವೇ ಸೆಕೆಂಡು ಉಳಿದಾಗ ಚೆಂಡು, ನಾನು ಎಷ್ಟು ತಪ್ಪಿಸಿಕೊಂಡರೂ, ನನ್ನ ಕೈಗೇ ಬಂತು. ರಿಂಗಿನ ಕಡೆ ಹಾರಿದಾಗ ಎದುರಾಳಿ ಹುಡುಗಿ ತಳ್ಳಿದಳು. ಸೀಟಿ. ಫೌಲ್. ನನಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರದಂತೆ ಎಸೆಯುವುದು, ಬಿದ್ದರೆ ಒಂದೊಂದಕ್ಕೆ ಒಂದು ಪಾಯಿಂಟು. ಗೆರೆಯ ಮೇಲೆ ನಿಂತು, ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು, ಕೈ ಎತ್ತಿದೆ.

ಆಗ ಕಾರುಗಳು ಬಂದವು.

"ದಯವಿಟ್ಟು ಆಟ ನಿಲ್ಲಿಸಬೇಕು! ನಮ್ಮೆಲ್ಲರ ಅಚ್ಚುಮೆಚ್ಚಿನ ಮುಖ್ಯ ಅತಿಥಿಗಳು ಆಗಮಿಸಿದ್ದಾರೆ! ಜೋರಾದ ಚಪ್ಪಾಳೆ!" ಎಂದಿತು ಮೈಕು.

ರೆಫರಿ ಸಂಘಟಕರ ಮುಖ ನೋಡಿದ. ಸಂಘಟಕರು ಕಾರಿನ ಮುಖ ನೋಡಿದರು. ಆಟ ನಿಂತಿತು. ಸ್ಕೋರು ಬರೆಯುತ್ತಿದ್ದ ಕಪ್ಪು ಹಲಗೆಯನ್ನು ಯಾರೋ ಒರೆಸಿ ಅದರ ಮೇಲೆ "ಸುಸ್ವಾಗತ" ಎಂದು ಬರೆದರು.

ನಾಡಗೀತೆಯಾಯಿತು, ಸ್ವಾಗತವಾಯಿತು. ದೀಪ ಹಚ್ಚಲು ಹೋದರೆ ಹೊಳೆಯ ಕಡೆಯಿಂದ ಬೀಸುವ ಗಾಳಿ ಬತ್ತಿಯನ್ನು ನಿಲ್ಲಗೊಡಲಿಲ್ಲ. ವೇದಿಕೆಯ ಗಣ್ಯರೆಲ್ಲ ಕಂಬದ ಸುತ್ತ ಬಾಗಿ ಅಂಗೈ ಮರೆ ಮಾಡಿದರು. ಕಡೆಗೆ ದೀಪ ಹೊತ್ತಿದೆ ಎಂದು ಎಲ್ಲರೂ ಒಪ್ಪಿಕೊಂಡರು. ನಮ್ಮ ಪ್ರಾಂಶುಪಾಲರು ವೇದಿಕೆಯ ಮೊದಲ ಸಾಲಿನಲ್ಲಿ, ತರಬೇತುದಾರರು ಎರಡನೇ ಸಾಲಿನಲ್ಲಿ ಜಾಗ ಹಿಡಿದಿದ್ದರು.

ಮುಖ್ಯ ಅತಿಥಿಗಳು ಏಕಾಗ್ರತೆಯ ಬಗ್ಗೆ ಮಾತಾಡಿದರು.

"ಮಕ್ಕಳೇ, ಜೀವನದಾಗೆ ಮುಖ್ಯ ಏನು? ಏಕಾಗ್ರತೆ. ಏಕಾಗ್ರತೆ ಅಂದ್ರೆ ಏನು? ಒಂದು ಕೆಲ್ಸ ಹಿಡಿದ್ರೆ, ಮಧ್ಯ ಏನೇ ಬರ್ಲಿ..." ಇಲ್ಲಿಗೆ ಅವರ ಫೋನು ಬಡಿಯಿತು. ಮೈಕಿನ ಮುಂದೆಯೇ ಎತ್ತಿದರು. "ಹೂಂ, ಹೇಳಪ್ಪಾ... ಇಲ್ಲ ಇಲ್ಲ, ಫ್ರೀ ಅದೀನಿ, ಹೇಳು... ಅವ್ನಿಗೆ ಕಾಂಪೌಂಡ್ ಕಟ್ಟಬ್ಯಾಡ ಅನ್ನು." ಮೈದಾನಕ್ಕೆ ಮೈದಾನವೇ ಆ ಕಾಂಪೌಂಡಿನ ವಿಷಯವನ್ನು ಭಯಭಕ್ತಿಯಿಂದ ಕೇಳಿತು. ಫೋನು ಜೇಬಿಗೆ ಹಾಕಿ, "ಎಲ್ಲಿದ್ದೆ?" ಎಂದರು. "ಏಕಾಗ್ರತೆ," ಎಂದು ತರಬೇತುದಾರರು ಹಿಂದಿನಿಂದ ನೆನಪಿಸಿದರು.

ನಾನಿನ್ನೂ ಗೆರೆಯ ಮೇಲೇ ಇದ್ದೆ. ಕೂತುಬಿಟ್ಟಿದ್ದೆ. ಚೆಂಡು ತೊಡೆಯ ಮೇಲಿತ್ತು. ಅಲ್ಲಾಡಿದರೆ ಆ ಎರಡು ಥ್ರೋಗಳು ಯಾರದೋ ಪಾಲಾಗುತ್ತವೆ ಎಂಬ ಭಯ. ಅಲ್ಲಾಡದಿದ್ದರೆ ನಾನೇ ಹಾಕಬೇಕಲ್ಲ ಎಂಬ ಅದಕ್ಕಿಂತ ದೊಡ್ಡ ಭಯ. ಸಂಜೆ ಬಸ್ಸಿನಲ್ಲಿ ನನಗೆ ಬೀಳಲಿರುವ ಮಾತುಗಳೆಲ್ಲ ಆಗಲೇ ಕಿವಿಗೆ ಕೇಳಿಸುತ್ತಿದ್ದವು. ಚಂದ್ರನನ್ನು ನೆನೆದೆ, ಬರಲಿಲ್ಲ. ನಾನು ಬಂಡೆ ಎಂದುಕೊಂಡೆ. ಮಹಡಿಯ ಜಲ್ಲಿ, ಸಿಮೆಂಟು ನೆನಪಾಗಿ ಅಳು ಬರುವಂತಾಯಿತು.

ಕ್ಯಾಪ್ಟನ್ ಬಂದು ಪಕ್ಕದಲ್ಲಿ ಕೂತಳು. ಹರಿಹರ ಅವಳ ಊರಿಗೆ ಹತ್ತಿರವಾದ್ದರಿಂದ ಅವಳ ಅವ್ವ ಮಗಳ ಆಟ ನೋಡಲು ಬಂದಿದ್ದರು. ಬರುವಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಅಂಗಳದ ಅಂಚಿನ ಬೇವಿನ ನೆರಳಲ್ಲಿ ಗಂಟು ಬಿಚ್ಚಿ, ನಮ್ಮವರು ಹರಿಹರದವರು ಎನ್ನದೆ ಎಲ್ಲ ಹುಡುಗಿಯರನ್ನೂ, "ಬರ್ರಿ ತಾಯಿ, ಕೂಡ್ರಿ. ಅವರ ಭಾಷಣ ಮುಗಿಯಾದು ಇವತ್ತಿಗಿಲ್ಲ," ಎಂದು ಕರೆಯುತ್ತಿದ್ದರು. ನನ್ನನ್ನು ತಳ್ಳಿದ ಹುಡುಗಿಯೂ ತಿನ್ನುತ್ತಿದ್ದಳು.

ಕ್ಯಾಪ್ಟನ್ ನನ್ನ ಕೈಗೆ ಅರ್ಧ ರೊಟ್ಟಿ ಕೊಟ್ಟಳು. "ತಿನ್ನು."

"ಬ್ಯಾಡ."

"ಯಾಕ?"

"ಮಿಸ್ ಆದ್ರೆ?"

ಅವಳು ತನ್ನ ಎಂದಿನ ದೊಡ್ಡ ಗಂಟಲಿನಲ್ಲಲ್ಲ, ಮೆಲ್ಲಗೆ ಹೇಳಿದಳು: "ಆದ್ರೆ ಆಗ್ಲಿ. ಯಾರೂ ಬೈಯಲ್ಲ. ನಾನು ಮುಖ ಊದಿಸ್ಕಂಡು ಕೂರಲ್ಲ. ಬೈಸ್ಕಬೇಕಾಗ್ತೈತೆ ಅಂತಾನೆ ಅಲ್ಲೇನೆ ನಾವು ಬಾಲ್ ಕಂಡ್ರೆ ಓಡಿಹೋಗಾದು?"

ಹಳೇಪೇಟೆಯ ಹುಡುಗಿಯೂ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಬಂದು ನಿಂತಿದ್ದಳು. "ಹೌದು ಕಣೆ. ನಾನೂ ಒಂದು ಹೇಳ್ತೀನಿ. ವಿಭೂತಿ ಗಿಭೂತಿ ಏನಿಲ್ಲ. ಹೆದರ್ಕಂಡೇ ಬಿಡ್ತಿದ್ದೆ ನಾನು."

ಮೂವರೂ ನಕ್ಕುಬಿಟ್ಟೆವು. ವೇದಿಕೆಯ ಮೇಲಿಂದ ಮುಖ್ಯ ಅತಿಥಿಗಳು, ತಮ್ಮ ಮಾತಿಗೇ ನಕ್ಕರೆಂದುಕೊಂಡು, ಇನ್ನೊಂದು ಹಾಸ್ಯ ಸೇರಿಸಿದರು. ನಾನು ಅರ್ಧ ರೊಟ್ಟಿ ತಿಂದೆ.

ಕಾರ್ಯಕ್ರಮದ ಕಡೇ ಭಾಗ, ಮುಖ್ಯ ಅತಿಥಿಗಳು ಚೆಂಡನ್ನು ರಿಂಗಿಗೆ ಹಾಕಿ ಪಂದ್ಯಾವಳಿಯನ್ನು ಉದ್ಘಾಟಿಸುವುದು. ಮುಗಿಯಲು ಕೆಲವೇ ಸೆಕೆಂಡು ಬಾಕಿಯಿದ್ದ ಪಂದ್ಯಾವಳಿಯನ್ನು. ನನ್ನ ತೊಡೆಯ ಮೇಲಿದ್ದ ಚೆಂಡನ್ನು ಇಸಿದುಕೊಂಡು, ರಿಂಗಿನ ಕೆಳಗೇ ನಿಂತು ಎಸೆದರು. ಬೀಳಲಿಲ್ಲ. ಮತ್ತೆ ಎಸೆದರು. ಒಂದು ಸಲ ಚೆಂಡು ರಿಂಗಿನ ಹಿಂದಿನ ಹಲಗೆಗೆ ಬಡಿದು ಬಂದು ನಮ್ಮ ಪ್ರಾಂಶುಪಾಲರ ಹೊಟ್ಟೆಗೆ ತಗುಲಿತು. "ಬಿತ್ತು ಬಿತ್ತು!" ಎಂದು ಮೈಕು ಘೋಷಿಸಿತು. ಚಪ್ಪಾಳೆಯಾಯಿತು. ಫೋಟೋ ತೆಗೆದರು. ಅಷ್ಟರಲ್ಲಿ ಪ್ರವಾಸಿ ಮಂದಿರದಲ್ಲಿ ಊಟ ಆರುತ್ತಿದೆ ಎಂದು ಯಾರೋ ಬಂದು ಹೇಳಿದರು. ಅತಿಥಿಗಳು, ಪ್ರಾಂಶುಪಾಲರು, ತರಬೇತುದಾರರು ಎಲ್ಲರೂ ಕಾರು ಹತ್ತಿ ಹೋದರು.

ಆಟ ಮತ್ತೆ ಶುರುವಾಗುವ ಹೊತ್ತಿಗೆ ಕಪ್ಪು ಹಲಗೆಯಲ್ಲಿ ಸ್ಕೋರಿರಲಿಲ್ಲ. ಎರಡೂ ಕಾಲೇಜಿನ ಸರ್‌ಗಳು ಮೇಜಿನ ಸುತ್ತ ಜಗಳಕ್ಕೆ ನಿಂತರು. ನನ್ನನ್ನು ತಳ್ಳಿದ್ದ ಹರಿಹರದ ಹುಡುಗಿ ಚಟ್ನಿಯ ಬೆರಳನ್ನು ನೆಕ್ಕಿಕೊಂಡು ಹೋಗಿ, "ನಮ್ದು ಒಂದು ಜಾಸ್ತಿ ಐತೆ ಸರ್, ಅವರ್ದು ಎರಡು ಫ್ರೀ ಥ್ರೋ ಬಾಕಿ. ಅದ್ರಾಗೆ ಏನೈತೆ ಜಗಳ?" ಎಂದಳು. ಜಗಳ ಮುಗಿಯಿತು.

ನನ್ನ ಮೊದಲ ಥ್ರೋ ರಿಂಗನ್ನು ಮುಟ್ಟಲೂ ಇಲ್ಲ. ನೋಡಲು ಬಂದಿದ್ದ ಹುಡುಗರು ಹೋ ಎಂದು ನಕ್ಕರು. ತಿರುಗಿ ನೋಡಿದೆ. ಕ್ಯಾಪ್ಟನ್ ಮುಖದಲ್ಲಿ ಏನೂ ಇರಲಿಲ್ಲ. "ಇನ್ನೊಂದೈತಲ್ಲ," ಎಂದಳು ಅಷ್ಟೆ. ಎರಡನೆಯದು ಹಲಗೆಗೆ ಬಡಿದು ಒಳಗೆ ಬಿತ್ತು. ಸಮ. ಉಳಿದ ಸೆಕೆಂಡುಗಳಲ್ಲಿ ಯಾರೂ ಹಾಕಲಿಲ್ಲ, ಹೆಚ್ಚುವರಿ ಐದು ನಿಮಿಷ ಕೊಟ್ಟರು.

ಆ ಐದು ನಿಮಿಷ ನಾವು ಅದ್ಭುತವಾಗಿ ಆಡಿದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆಯಲ್ಲಿ ರೊಟ್ಟಿ, ನೆತ್ತಿಯ ಮೇಲೆ ಬಿಸಿಲು. ಎರಡೂ ತಂಡದವರು ಮದುವೆ ಊಟ ಮುಗಿಸಿದವರಂತೆ ಓಡುತ್ತಿದ್ದೆವು. ಆದರೆ ಯಾರೂ ಅಡಗಲಿಲ್ಲ. ಕಡೆಯಲ್ಲಿ ನಾವು ಒಂದು ಪಾಯಿಂಟು ಮುಂದಿದ್ದಾಗ ಚೆಂಡು ಪೇಟೆಯ ಹುಡುಗಿಯ ಕಡೆ ಹೋಯಿತು. ಇವಳು ಬಿಡುತ್ತಾಳೆಂದು ನಾನು ಅತ್ತ ಓಡಿದೆ. ಅವಳು, ಕಸಿದುಕೊಳ್ಳಲು ಹೋದವಳು ನಾನೋ ಎಂಬಂತೆ, "ನಂದು!" ಎಂದು ಕೂಗಿ, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಳು. ಇಬ್ಬರು ಮೈಮೇಲೆ ಬಿದ್ದರೂ ಬಿಡಲಿಲ್ಲ. ಆಮೇಲೆ ಕ್ಯಾಪ್ಟನ್‌ಗೆ ಕೊಟ್ಟಳು. ಕ್ಯಾಪ್ಟನ್ ರಿಂಗಿನ ಕೆಳಗೆ ಒಬ್ಬಳೇ ಇದ್ದಳು. ಹಾಕಿದಳು. ಸೀಟಿ.

ಟ್ಯಾಂಕಿನ ಹಿಂದಿನಿಂದ ತಲೆಯೊಂದು ಹೊರಬಂತು. "ಏನಾತವ್ವ?"

ನಾವೆಲ್ಲರೂ ಅಳುತ್ತಿದ್ದೆವು. ಸರ್ ಸೋತೆವೆಂದುಕೊಂಡು ನಮ್ಮನ್ನು ಸಮಾಧಾನ ಮಾಡತೊಡಗಿದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಚೆಂಡು ಹಿಡಿದ ಮುಖ್ಯ ಅತಿಥಿಗಳು, ನಗುತ್ತಿರುವ ಪ್ರಾಂಶುಪಾಲರು, ಅವರ ಹೆಗಲ ಮೇಲಿಂದ ತರಬೇತುದಾರರು. ಕಾಲೇಜಿನಲ್ಲಿ ಸನ್ಮಾನ ಸಮಾರಂಭವಾಯಿತು. ತರಬೇತುದಾರರಿಗೆ ಶಾಲು ಹೊದಿಸಿದರು.

ಈಗ ನಾನು ದಾವಣಗೆರೆಯದೇ ಬೇರೊಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ಅಧ್ಯಾಪಕರಿಗೆಂದು ನಡೆದ ಶಿಬಿರಕ್ಕೆ ಅದೇ ತರಬೇತುದಾರರು ಬಂದಿದ್ದರು. ಕೂದಲು ಇನ್ನೂ ಕಪ್ಪಾಗಿತ್ತು. ಕಥೆ ಹೇಳಿದರು: ಕಡೇ ಕ್ಷಣ, ಒಂದು ಪಾಯಿಂಟು, ಸೋಲಿನ ಅಂಚಿನಲ್ಲಿ ಒಬ್ಬ ಹುಡುಗಿ. "ನಾನು ಅವಳ ಕಣ್ಣಲ್ಲಿ ಕಣ್ಣಿಟ್ಟು, ಉಸಿರಾಡು ಅಂದೆ. ಅಷ್ಟೇ. ಎರಡೂ ಥ್ರೋ, ಬಾಣದ ಹಾಗೆ!"

ನಾನು ಕೈ ಎತ್ತಿದೆ. "ಸರ್, ಮೊದಲನೇದು ಮಿಸ್ ಆಗಿತ್ತಲ್ವಾ?"

ಅವರು ಕರುಣೆಯಿಂದ ನಕ್ಕರು. "ಮೇಡಂ, ನಾನು ಅಲ್ಲೇ ಇದ್ದೆ." ಸಭೆಯೂ ನಕ್ಕಿತು. ಆಮೇಲೆ ಎಲ್ಲರನ್ನೂ ಎದ್ದು ನಿಲ್ಲಿಸಿ, ಎದೆಯ ಮೇಲೆ ಕೈಯಿಡಿಸಿದರು. ಸಂಸ್ಥೆಯ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನೂ ಎದ್ದು ನಿಂತೆ. ಬಂಡೆ ಎಂದು ಕೂಗಿದೆ ಕೂಡ.

ಸಂಜೆ ಕ್ಯಾಪ್ಟನ್‌ಗೆ ಫೋನ್ ಮಾಡಿ ಹೇಳಿದೆ. ಅವಳೀಗ ಹರಿಹರದಲ್ಲಿ ಪಶು ಆಹಾರದ ಅಂಗಡಿ ನಡೆಸುತ್ತಾಳೆ. ಹಿಂದೆ ಯಾರೋ ಹಿಂಡಿ ಮೂಟೆ ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಬಹಳ ಹೊತ್ತು ನಕ್ಕಳು.

"ಹೇಳ್ಕಳ್ಳಿ ಬಿಡೆ, ಪಾಪ. ಅವ್ರ ಹೊಟ್ಟೆನೂ ತುಂಬಬೇಕಲ್ಲ," ಎಂದಳು. ಆಮೇಲೆ ದನಿ ಬದಲಿಸಿ, "ಲೇ, ಆ ತಳ್ಳಿದ್ದಳಲ್ಲ, ಆಕೆ ನಮ್ಮ ಅಂಗಡಿಗೇ ಬರ್ತಾಳೆ. ಭಾನುವಾರ ನೀನೂ ಬಾ. ಇಬ್ರೂ ಸೇರಿ ಕೇಳಾಣ, ಯಾಕವ್ವ ತಳ್ಳಿದ್ದೆ ಅಂತ."