ನವಮಿಯ ದಿನ ಅಲುಗಿಸದ ಬೋರ್ಡು

ಬೋರ್ಡಿನ ಎಡಮೂಲೆ ಇನ್ನೂ ಬಾಗಿಕೊಂಡೇ ಇದೆ. ಸಂಭಾಜಿನಗರಕ್ಕೆ ಬಂದ ಮೇಲೆ ವೆಲ್ಡಿಂಗಿನವನೊಬ್ಬ ಅದನ್ನು ನೋಡಿ, ಬಡಿದು ನೆಟ್ಟಗೆ ಮಾಡಿಕೊಡುತ್ತೇನೆ ಎಂದ. ಬೇಡವೆಂದೆ. ನನ್ನ ಗಂಡ ಕೊನೆಯದಾಗಿ ಹಿಡಿದಿದ್ದ ಮೂಲೆ ಅದು.

ನಮ್ಮದು ಬಾಗಲಕೋಟೆ ಕಡೆಯ ಊರು. ನಾಶಿಕದ ಪಂಚವಟಿಯಲ್ಲಿ ಖಾನಾವಳಿ ಇಟ್ಟಿದ್ದೆವು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಊಟಕ್ಕೆ ಬರುವವರು ಹೆಚ್ಚಾಗಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನ. ಖಾನಾವಳಿಯ ಬಾಗಿಲು ಓಣಿಯ ಕಡೆಗಿತ್ತು, ರಸ್ತೆಗೆ ಬೆನ್ನು. ಹಾಗಾಗಿ ಓಣಿಯ ಮೂಲೆಯಲ್ಲಿ, ಫುಟ್‌ಪಾತಿನ ಮೇಲೆ, ನನ್ನ ಗಂಡ ಕಬ್ಬಿಣದ ಚೌಕಟ್ಟಿನ ಒಂದು ಬೋರ್ಡು ನಿಲ್ಲಿಸಿದ್ದರು. ಮೇಲೆ ಮರಾಠಿ, ಕೆಳಗೆ ಕನ್ನಡ. ಗಾಳಿಗೆ ಬೀಳದಂತೆ ಕಾಲಿಗೆ ಒಂದು ಇಟ್ಟಿಗೆ. ರೈಲಿಳಿದು ದಿಕ್ಕು ತಿಳಿಯದೆ ಬಂದವರು ಆ ಕನ್ನಡ ಅಕ್ಷರ ಕಂಡು ಅಲ್ಲೇ ಗಂಟು ಇಳಿಸುತ್ತಿದ್ದರು. ಬೋರ್ಡು ಇಲ್ಲದ ದಿನ ರೊಟ್ಟಿ ಉಳಿಯುತ್ತಿದ್ದವು.

ಆದರೆ ಅಂಗಡಿಯ ಹೊಸ್ತಿಲು ದಾಟಿ ಬೋರ್ಡು ಇಡಬಾರದೆಂಬ ನಿಯಮವಿತ್ತು. ನಿಯಮ ತಪ್ಪೆಂದು ನಾನು ಹೇಳಲಾರೆ. ಕಣ್ಣು ಕಾಣದ ಮುದುಕರೊಬ್ಬರು ನಮ್ಮ ಬೋರ್ಡಿಗೇ ಬಡಿದು ಬಿದ್ದಾಗ ಅವರ ಮೊಣಕಾಲಿನ ರಕ್ತ ತೊಳೆದವಳು ನಾನೇ. ನಿಯಮ ಮೀರಿದ್ದನ್ನು ಎತ್ತಿಕೊಂಡು ಹೋಗಲು ಪಾಲಿಕೆಯ ಅತಿಕ್ರಮಣ ತೆರವಿನ ಗಾಡಿ ಬರುತ್ತಿತ್ತು. ಗುತ್ತಿಗೆದಾರನ ಕೂಲಿಯವರು ಗಾಡಿ ನಿಲ್ಲುವ ಮೊದಲೇ ಜಿಗಿಯುತ್ತಿದ್ದರು. ಒಮ್ಮೆ ಹೂವಿನವಳ ಬುಟ್ಟಿಯನ್ನು ಅವಳ ಎದುರೇ ತುಳಿದರು. ಇನ್ನೊಮ್ಮೆ ಎದುರಿನ ದರ್ಜಿ ತನ್ನ ಬೋರ್ಡು ಬಿಡದಿದ್ದಾಗ ಅವನ ಬೆರಳುಗಳನ್ನು ಕೋಲಿನಿಂದ ಕುಟ್ಟಿದರು. ಅವನೂ ಸುಮ್ಮನಿರಲಿಲ್ಲ, ಒಬ್ಬನ ಕಿವಿ ಕಚ್ಚಿದ.

ಇದಕ್ಕೆ ರಸ್ತೆಯವರು ಒಂದು ಉಪಾಯ ಮಾಡಿಕೊಂಡಿದ್ದರು. ಗಾಡಿ ತಿರುವಿನಲ್ಲಿ ಕಂಡ ಕೂಡಲೇ ಮೊದಲ ಅಂಗಡಿಯವನು ಶಟರ್ ಅನ್ನು ಧಡ್ ಎಂದು ಅರ್ಧ ಎಳೆಯುವುದು. ಅದು ಕೇಳಿಸಿದ್ದೇ ಎಲ್ಲರ ಬೋರ್ಡೂ ಒಳಗೆ. ನನ್ನ ಗಂಡ ಊಟ ಬಡಿಸುತ್ತಿದ್ದರೂ ಕೈಯ ತಾಟು ಅಲ್ಲೇ ಇಟ್ಟು ಓಡುತ್ತಿದ್ದರು.

ಆ ವರ್ಷ ಗಾಡಿ ಖಂಡೆ ನವಮಿಯ ದಿನ ಬಂತು. ಆ ರಸ್ತೆಯ ಅಂಗಡಿಗಳಲ್ಲಿ ಆಯುಧಪೂಜೆ ಮಾಡುವುದು ಮರುದಿನ, ದಸರೆಗೆ. ನಾವು ಊರಿನ ಪದ್ಧತಿಯಂತೆ ನವಮಿಗೇ ಮಾಡುತ್ತಿದ್ದೆವು. ಹಂಚು, ಈಳಿಗೆ, ತಕ್ಕಡಿಯ ಜೊತೆಗೆ ಬೋರ್ಡಿಗೂ ಕುಂಕುಮ, ಚೆಂಡುಹೂವಿನ ಹಾರ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವ ತನಕ ಅಲುಗಿಸುವಂತಿಲ್ಲ. ಅದು ನನ್ನ ಮಾವನ ಕಾಲದಿಂದ ಬಂದ ಕಟ್ಟು.

ಧಡ್ ಎಂದು ಶಟರ್ ಸದ್ದಾಯಿತು. ಎಲ್ಲರೂ ಎಳೆದುಕೊಂಡರು. ನಮ್ಮದೊಂದೇ ನಿಂತಿತು.

"ಅಣ್ಣಾ, ದಸರಾ ಉದ್ಯಾ ಆಹೇ! ತುಮಚಾ ದೇವ ಏಕ ದಿವಸ ಆಧೀ ಯೇತೋ ಕಾ?" ಎಂದು ದರ್ಜಿ ಕೂಗಿದ. ದಸರೆ ಇರುವುದು ನಾಳೆ, ನಿಮ್ಮ ದೇವರು ಒಂದು ದಿನ ಮೊದಲೇ ಬಂದುಬಿಡುತ್ತಾನೇನು ಎಂಬ ಅವನ ಎಂದಿನ ಚೇಷ್ಟೆ.

"ರೀ, ಒಳಗ ತರ್ರಿ. ದೇವರಿಗೆ ತಪ್ಪಾತು ಅಂದ್ರ ಆತು," ಎಂದೆ.

"ಪೂಜಾಕ ಇಟ್ಟದ್ದು ಅಲುಗಸೂದಿಲ್ಲ. ನೀ ಒಳಗ ನಡಿ."

ಗಾಡಿಯಿಂದ ಬಗ್ಗಿ ಬೋರ್ಡಿಗೆ ಕೈ ಹಾಕಿದವನು ಕಲಬುರಗಿ ಕಡೆಯ ಕೂಲಿಯವನು. ನಮ್ಮಲ್ಲೇ ಉಣ್ಣುತ್ತಿದ್ದ. ಇವರು ಕೆಳಗಿನಿಂದ ಹಿಡಿದರು, ಅವನು ಮೇಲಿನಿಂದ ಎಳೆದ. ಹಾರ ಹರಿದು ಹೂ ರಸ್ತೆಗೆ ಬಿತ್ತು.

"ಕಾಕಾ, ಬಿಡ್ರಿ ಕಾಕಾ. ಆಮ್ಯಾಲ ಗೋದಾಮಿಗೆ ಬಂದು ಬಿಡಿಸ್ಕೊಳ್ರಿ."

"ನನ್ನ ರೊಟ್ಟಿ ತಿಂದ ಕೈಲೇ ನನ್ನ ಬೋರ್ಡ ಹಿಡೀತಿಯೇನಲೇ? ಬಿಡಲೇ!"

ಇವರು ಒಂದು ಕೈಯಿಂದ ಇಟ್ಟಿಗೆ ಎತ್ತಿ ಅವನ ಮುಖಕ್ಕೆ ಹೊಡೆದರು. ಮದುವೆಯಾದಾಗಿನಿಂದ ಇವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಹಲ್ಲು ಮುರಿದ ಸದ್ದು ಕೇಳಿಸಿತು. ಅವನ ಬಾಯಿಂದ ರಕ್ತ ಬಳಬಳನೆ ಸುರಿದು ಬೋರ್ಡಿನ ಕನ್ನಡ ಅಕ್ಷರಗಳ ಮೇಲೆ ಇಳಿಯಿತು. ಅವನು ಕೈ ಬಿಟ್ಟ. ಎಳೆಯುತ್ತಿದ್ದ ಜೋರಿಗೆ ಇವರು ಹಿಂದಕ್ಕೆ ಬಿದ್ದರು. ತಲೆಯ ಹಿಂಭಾಗ ಫುಟ್‌ಪಾತಿನ ಅಂಚುಗಲ್ಲಿಗೆ ಬಡಿಯಿತು. ಬೋರ್ಡು ಎದೆಯ ಮೇಲೆ. ಉಳಿದ ಕೂಲಿಯವರು ಇಳಿದು ಬಂದು ಹೊಟ್ಟೆಗೆ, ಪಕ್ಕೆಗೆ ಒದ್ದರು. ನಾನು ಮೇಲೆ ಬಿದ್ದು ಅಡ್ಡವಾದೆ. ನನ್ನ ಬೆನ್ನಿಗೂ ಒದ್ದರು. ದರ್ಜಿ ಕತ್ತರಿ ಹಿಡಿದು ಓಡಿಬಂದ. ಯಾರೋ ಯಾರನ್ನೋ ಗಾಡಿಯ ತಗಡಿಗೆ ಗುದ್ದುತ್ತಿದ್ದರು. ನನ್ನ ಕೈಗೆ ಇವರ ತಲೆಯ ಕೆಳಗೆ ಬಿಸಿ ಬಿಸಿ ತಾಗಿತು. ಎಡಮೂಲೆ ಹಿಡಿದಿದ್ದ ಇವರ ಬೆರಳುಗಳನ್ನು ಕೂಲಿಯವರು ಒಂದೊಂದಾಗಿ ಬಿಡಿಸಿ ಬೋರ್ಡನ್ನು ಗಾಡಿಗೆ ಎಸೆದರು.

ದಸರೆಯ ದಿನ ಮಧ್ಯಾಹ್ನದ ಮೊದಲೇ ಇವರು ಆಸ್ಪತ್ರೆಯಲ್ಲಿ ತೀರಿಹೋದರು. ದರ್ಜಿ ಬಂದಿದ್ದ. ಅಲ್ಲಿಯವರು ಆ ದಿನ ಬಂಗಾರವೆಂದು ಹಂಚುವ ಆಪ್ಟೆಯ ಎಲೆಗಳು ಅವನ ಅಂಗಿಯ ಜೇಬಿನಲ್ಲಿದ್ದವು. ಕೊಡಬೇಕೋ ಬಿಡಬೇಕೋ ತಿಳಿಯದೆ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಮಣ್ಣು ಮುಗಿದ ಮೇಲೆ ಗೋದಾಮಿಗೆ ಹೋದೆ. ಮುರಿದ ಗಾಡಿಗಳು, ಸ್ಟೂಲುಗಳು, ಬೋರ್ಡುಗಳ ರಾಶಿ. ಅಲ್ಲಿ ಆ ಕಲಬುರಗಿ ಕಡೆಯವನೇ ಇದ್ದ. ತುಟಿ ಹೊಲಿದಿದ್ದರು, ಮುಂದಿನ ಹಲ್ಲಿರಲಿಲ್ಲ. ನನ್ನನ್ನು ಕಂಡದ್ದೇ ರಾಶಿಗೆ ಇಳಿದು ನಮ್ಮ ಬೋರ್ಡನ್ನು ಎಳೆದು ತಂದ. ಕುಂಕುಮ ಹಾಗೇ ಇತ್ತು, ರಕ್ತ ಕಪ್ಪಾಗಿತ್ತು.

"ಕಾಕಿ, ನಾ ಬಿಟ್ಟಿದ್ನೆರಿ," ಎಂದ. "ಕಾಕಾನೂ ಬಿಟ್ಟಿದ್ರ..."

ಅವನನ್ನು ಹೊಡೆಯಬೇಕೆನಿಸಿತು. ಕೈ ಎತ್ತಿದೆ ಕೂಡ. ಅವನು ತಪ್ಪಿಸಿಕೊಳ್ಳದೆ, ಹೊಲಿದ ತುಟಿಯನ್ನು ಮುಂದೆ ಮಾಡಿ ನಿಂತ. ನಾನು ಬೋರ್ಡಿನ ಎಡಮೂಲೆ ಹಿಡಿದೆ. ಅವನು ಬಲಮೂಲೆ ಹಿಡಿದ. ಇಬ್ಬರೂ ಹೊತ್ತುಕೊಂಡು ಓಣಿಯ ತನಕ ನಡೆದೆವು.

ಮುಂದೆ ನಾಶಿಕ ಬಿಟ್ಟು ತಂಗಿಯ ಊರಾದ ಸಂಭಾಜಿನಗರಕ್ಕೆ ಬಂದೆ. ಆಗ ಅದನ್ನು ಔರಂಗಾಬಾದ್ ಎನ್ನುತ್ತಿದ್ದೆವು. ಮತ್ತೆ ಖಾನಾವಳಿ ಇಟ್ಟೆ. ಇಲ್ಲಿಯೂ ಅದೇ ನಿಯಮ. ಬೋರ್ಡನ್ನು ಹೊಸ್ತಿಲ ಒಳಗೇ, ಬಾಗಿಲಿಗೆ ಒರಗಿಸಿ ಇಡುತ್ತೇನೆ. ರಸ್ತೆಯವರಿಗೆ ಅರ್ಧ ಮಾತ್ರ ಕಾಣುತ್ತದೆ. ಹುಡುಕಿ ಬಂದವರು ಬರುತ್ತಾರೆ.

ನವಮಿಯ ದಿನ ಹಂಚಿಗೆ, ಈಳಿಗೆಗೆ, ತಕ್ಕಡಿಗೆ ಪೂಜೆ ಮಾಡುತ್ತೇನೆ. ಬೋರ್ಡಿಗೆ ಮಾತ್ರ ಹೂ ಏರಿಸುವುದಿಲ್ಲ.

"ಅಕ್ಕಾ, ಭಾವನೋರ ಬೋರ್ಡಿಗೆ ಕುಂಕುಮ ಹಚ್ಚೂದು ಮರತ್ಯಲ್ಲ," ಎಂದಳು ತಂಗಿ ಮೊದಲ ವರ್ಷ.

"ಮರತಿಲ್ಲ," ಎಂದೆ. ಎಲ್ಲೋ ದೂರದಲ್ಲಿ ಒಂದು ಶಟರ್ ಸದ್ದಾಯಿತು. ಬೋರ್ಡು ಒಳಗೇ ಇತ್ತು. ಆದರೂ ಎದ್ದು ಹೋಗಿ ಎರಡೂ ಕೈಯಿಂದ ಅದನ್ನು ಇನ್ನಷ್ಟು ಒಳಕ್ಕೆ ಎಳೆದೆ.