ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಕೆಗೆ ‘ಪ್ರಾರ್ಥನೆ ಅಕ್ಕ’ ಎಂದೇ ಹೆಸರು. ಯಾರ ಮಗುವಿಗೆ ಜ್ವರ ಬಂದರೂ, ಯಾರ ಗಂಡ ಮುನಿಸಿಕೊಂಡು ಹೋದರೂ, ಸೋಪಿನ ಕೈ ಒರೆಸಿಕೊಂಡು ಅಲ್ಲೇ ನಿಂತು ಯೇಸುವನ್ನು ಬೇಡಿಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಒಂದು ಸುಳ್ಳನ್ನೂ ಆಡಿದವಳಲ್ಲ. ಆ ಮಾತನ್ನು ಆಗಾಗ ತಾನೇ ಹೇಳಿಕೊಳ್ಳುತ್ತಲೂ ಇದ್ದಳು.

ಆ ಮಂಗಳವಾರ ಆಪರೇಷನ್ ಕೋಣೆಯಿಂದ ಬಂದ ಗಂಟುಗಳನ್ನು ಕೊಡವಿ ನೋಡುವ ಪಾಳಿ ಆಕೆಯದು. ಸೊಂಟ ಹಿಡಿದುಕೊಂಡಿತ್ತು. ಕೊನೆಯ ಗಂಟನ್ನು ಬಿಚ್ಚದೆ ಹಾಗೇ ಮಷಿನ್ನಿಗೆ ತುರುಕಿದಳು. ಒಳಗಿದ್ದ ಕತ್ತರಿ ಮಷಿನ್ನನ್ನು ಹಾಳುಮಾಡಿತು. ನೀರು ಕಾರಿಡಾರಿನವರೆಗೂ ಹರಿಯಿತು.

“ಯಾರು ಹಾಕಿದ್ದು?” ಎಂದರು ಮೇಲ್ವಿಚಾರಕರು.

ಎಲ್ಲರ ಕಣ್ಣೂ ಇಸ್ತ್ರಿಯವಳ ಮೇಲೆ ಬಿತ್ತು. ಬಾಯಿಬಡುಕಿ, ಹಿಂದೆ ಎರಡು ಸಲ ಬೈಸಿಕೊಂಡವಳು.

“ನಾನಲ್ಲ ಸಾರ್. ಬೇಕಾದ್ರೆ ಅಕ್ಕನ್ನೇ ಕೇಳಿ, ಅವರು ಸುಳ್ಳು ಹೇಳಲ್ಲ.”

ಅಕ್ಕ ಒದ್ದೆ ನೆಲದತ್ತ ನೋಡಿದಳು. “ಯಾರು ಅಂತ ನಾನು ನೋಡ್ಲಿಲ್ಲ ಸಾರ್,” ಎಂದಳು.

ಸಂಜೆಯೊಳಗೆ ಇಸ್ತ್ರಿಯವಳ ಕೆಲಸ ಹೋಯಿತು. ಅಕ್ಕ ಬಾಗಿಲವರೆಗೂ ಹೋಗಿ ಅವಳ ಕೈ ಹಿಡಿದು, “ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಕಣೇ,” ಎಂದಳು. ಅವಳು ಅತ್ತುಬಿಟ್ಟಳು. “ನೀವೊಬ್ಬರಾದ್ರೂ ಇದೀರಲ್ಲ ಅಕ್ಕ,” ಎಂದಳು.

ಆ ಮಾತು ಆಕೆಯನ್ನು ಗೆದ್ದಲಿನಂತೆ ತಿಂದಿತು. ಮೊಣಕಾಲೂರಿದರೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಪಾಸ್ಟರು ತುಂಬಿದ ಸಭೆಗೆ, “ಕ್ರಿಸ್ತನ ಶಿಷ್ಯರಾಗೋದು ಹೇಗೆ ಅಂತ ಈ ಅಕ್ಕನ್ನ ನೋಡಿ ಕಲೀರಿ,” ಎಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎಲ್ಲರೂ ಹೋದ ಮೇಲೆ ಅವರ ಹತ್ತಿರ ನಡೆದದ್ದೆಲ್ಲ ಹೇಳಿಕೊಂಡಳು.

ಪಾಸ್ಟರು ಕೈಯಲ್ಲಿದ್ದ ಬೈಬಲ್ ಮುಚ್ಚಿಟ್ಟರು. “ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಕೆಲಸ ಹೋಗಿದ್ದು ನಂದಲ್ವಲ್ಲ.”

ಸೋಮವಾರ ಮೇಲ್ವಿಚಾರಕರ ಮುಂದೆ, ಆಮೇಲೆ ಎಲ್ಲ ಹೆಂಗಸರ ಮುಂದೆ ಒಪ್ಪಿಕೊಂಡಳು. ಯಾರೂ ಬೈಯಲಿಲ್ಲ, ತಲೆ ತಗ್ಗಿಸಿ ತಂತಮ್ಮ ಕೆಲಸಕ್ಕೆ ತಿರುಗಿದರು. ಬೈದಿದ್ದರೇ ಚೆನ್ನಾಗಿತ್ತು. ರಕ್ತ, ಕೀವಿನ ಬಟ್ಟೆ ವಿಂಗಡಿಸುವ ಹಿಂದಿನ ಕೋಣೆ ಆಕೆಯ ಪಾಲಿಗೆ ಬಂತು. ಪ್ರಾರ್ಥನೆ ಮಾಡಿ ಎಂದು ಯಾರೂ ಬರಲಿಲ್ಲ.

ಮತ್ತೆ ಕೆಲಸಕ್ಕೆ ವಾಪಸ್ಸಾದ ಇಸ್ತ್ರಿಯವಳು ಎರಡು ತಿಂಗಳು ಮುಖ ತಿರುಗಿಸಿಕೊಂಡೇ ಓಡಾಡಿದಳು. ಒಂದು ಮಧ್ಯಾಹ್ನ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ಕ್ಷಮಿಸಿದೀನಿ ಅಂದ್ಕೋಬೇಡಿ. ನಲವತ್ತು ಹಾಸುಬಟ್ಟೆ ಇವೆ, ಒಬ್ಬಳ ಕೈಲಿ ಮಡಚೋಕಾಗಲ್ಲ. ಬಂದು ಒಂದು ಕಡೆ ಹಿಡ್ಕೊಳ್ಳಿ.”

ಅಕ್ಕ ಎರಡೆರಡು ಸಲ ಕೈ ತೊಳೆದುಕೊಂಡು ಹೋದಳು. ಪ್ರತಿ ಮಡಿಕೆಗೂ ಇಬ್ಬರೂ ಹತ್ತಿರ ಬರಬೇಕಾಗಿತ್ತು. ನಲವತ್ತೂ ಮುಗಿಯಿತು; ಅವಳ ಮುಖ ನೋಡುವ ಧೈರ್ಯ ಮಾತ್ರ ಅಕ್ಕನಿಗೆ ಬರಲಿಲ್ಲ.