ಶಾಂತಕ್ಕನ ಹೊಸ ಬೋರ್ಡು

ಗೆಳೆಯರೇ, ಇವತ್ತು ಕುಕನೂರು ಬಸ್ ಸ್ಟ್ಯಾಂಡ್ ಎದುರಿನ ಶಾಂತಕ್ಕನ ಖಾನಾವಳಿಗೆ ‘ರೆಸ್ಟೋರೆಂಟ್’ ಎಂಬ ಹೊಸ ಬೋರ್ಡು ಬಂತು. ಇಂಗ್ಲಿಷ್ ಮಾಸ್ತರನಾದ ನಾನು ಸುಮ್ಮನಿರಲಿಲ್ಲ.

“ಮೂರು ಬೆಂಚಿಗೆ ಇಷ್ಟು ದೊಡ್ಡ ಹೆಸರು ಯಾಕ ಬೇಕಿತ್ತು ಶಾಂತಕ್ಕ?”

“ಮಗಳು ಬರಸ್ಯಾಳ್ರಿ ಸರ. ಅದರ ಅರ್ಥ ಏನೈತಿ, ನೀವ ಹೇಳ್ರಿ.”

ಮೊಬೈಲಿನಲ್ಲಿ ಹುಡುಕಿದೆ. ಫ್ರೆಂಚರಲ್ಲಿ ಅದು ಮೊದಲು ಅಂಗಡಿಯ ಹೆಸರಲ್ಲವಂತೆ. ನಿತ್ರಾಣಗೊಂಡವರಿಗೆ ಕಸುವು ಮರಳಿಸುವ ಬಿಸಿ ಸಾರಿನ ಹೆಸರಂತೆ. ಓದಿ ಹೇಳುವಾಗ ನನ್ನ ಧ್ವನಿ ತಗ್ಗಿತು. ಹೋದ ವಾರ ನಾನು ಜ್ವರದಲ್ಲಿ ಮಲಗಿದ್ದಾಗ ಮೂರು ದಿನ ಡಬ್ಬಿಯಲ್ಲಿ ಹುರುಳಿ ಕಟ್ಟಿನ ಸಾರು ಕಳಿಸಿದವಳು ಇದೇ ಶಾಂತಕ್ಕ.

“ಹಂಗಾದ್ರ ಬೋರ್ಡು ಇರಲೇನ್ರಿ ಸರ?”

“ಇರಲಿ. ಅಂಗಡಿ ತೆರೆದ ದಿನಾನ ಹಾಕಬೇಕಿತ್ತು.”

ಹತ್ತು ವರ್ಷದಿಂದ ಮಕ್ಕಳಿಗೆ ಆ ಪದದ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಿದ್ದೇನೆ. ನಾಳೆ ಅರ್ಥ ಹೇಳಿಕೊಡಬೇಕು. ಉದಾಹರಣೆಗೆ ಫ್ರಾನ್ಸಿನವರೆಗೆ ಹೋಗಬೇಕಿಲ್ಲ, ಬಸ್ ಸ್ಟ್ಯಾಂಡ್ ದಾಟಿದರೆ ಸಾಕು.